ದೈತ್ಯನಿಗೆ ನಮ್ಮ ಲೆವೆಲ್ ಗೊತ್ತಿರಬಾರದು

ಸ್ಕೈರಿಮ್ ಗೇಮಿನಲ್ಲಿ ವೈಟ್‌ರನ್ ಊರಿನ ಹೊರಗಿನ ಬಯಲಲ್ಲಿ ದೈತ್ಯನೊಬ್ಬ ತನ್ನ ಪಾಡಿಗೆ ತಾನು ಮ್ಯಾಮತ್‌ಗಳನ್ನು ಮೇಯಿಸಿಕೊಂಡಿರುತ್ತಾನೆ. ತಾನಾಗಿ ಯಾರ ತಂಟೆಗೂ ಬರುವವನಲ್ಲ. ಹತ್ತಿರ ಹೋದರೆ ಮೊದಲು ತಿರುಗಿ ನೋಡುತ್ತಾನೆ, ಗುರುಗುಟ್ಟುತ್ತಾನೆ, ಗದೆ ಎತ್ತಿ ಹೆದರಿಸುತ್ತಾನೆ. ಅಷ್ಟಾದರೂ ಬುದ್ಧಿ ಬರದಿದ್ದರೆ ಒಂದೇ ಏಟು. ಆಟಗಾರನ ಹೆಣ ನೆಟ್ಟಗೆ ಮುಗಿಲಿಗೆ ಹಾರುತ್ತದೆ. ಏಟಿನ ಬಲದ ಲೆಕ್ಕ ಎಲ್ಲೋ ಅತಿಯಾಗಿ ಹೀಗಾಗುತ್ತದೆ. 2011ರಲ್ಲಿ ಗೇಮ್ ಬಂದಾಗಿನಿಂದ ಅದನ್ನು ನೋಡಿ ನಕ್ಕವರಿಗೆ ಲೆಕ್ಕವಿಲ್ಲ. ನಗುವುದಕ್ಕಿಂತ ಗಮನಿಸಬೇಕಾದ್ದು ಇನ್ನೊಂದಿದೆ. ಆ ದೈತ್ಯನ ಲೆವೆಲ್, ಅಂದರೆ ಬಲದ ಮಟ್ಟ, 32. ನಮ್ಮದು 1 ಇರಲಿ, 50 ಇರಲಿ, ಅವನದು 32ರಲ್ಲೇ ನಿಂತಿರುತ್ತದೆ. ಅವನು ನಮಗಾಗಿ ಹುಟ್ಟಿದವನಲ್ಲ, ಅದಕ್ಕೇ ಆ ಬಯಲು ನಿಜವಾದ ಬಯಲಿನ ಹಾಗೆ ಕಾಣುತ್ತದೆ.

ಓಪನ್ ವರ್ಲ್ಡ್ ಗೇಮ್ ಕಟ್ಟುವವರ ತಲೆನೋವೇ ಇದು. ಸಾಲಾಗಿ ಸಾಗುವ ಗೇಮಿನಲ್ಲಿ ಒಂಬತ್ತನೇ ಕೋಣೆಯಾದ ಮೇಲೆ ಹತ್ತನೆಯದು. ಅಲ್ಲಿಗೆ ಬರುವ ಹೊತ್ತಿಗೆ ಆಟಗಾರನ ಕೈಯಲ್ಲಿ ಯಾವ ಕತ್ತಿ ಇರುತ್ತದೆ, ಎಷ್ಟು ಹೆಲ್ತ್ (ಪ್ರಾಣಬಲ) ಇರುತ್ತದೆ ಎಂದು ಮೊದಲೇ ಗೊತ್ತು. ಓಪನ್ ವರ್ಲ್ಡ್‌ನಲ್ಲಿ ಅದೇ ಗುಹೆಗೆ ಒಬ್ಬ ಲೆವೆಲ್ 3ರಲ್ಲಿ ನುಗ್ಗುತ್ತಾನೆ, ಇನ್ನೊಬ್ಬ 40ರಲ್ಲಿ. ಎಲ್ಲಿಗೆ ಬೇಕಾದರೂ ಹೋಗು ಎಂದು ಹೇಳಿಯಾಗಿದೆ, ಮಾತು ಹಿಂದೆ ತೆಗೆದುಕೊಳ್ಳುವ ಹಾಗಿಲ್ಲ. ಉಳಿದ ದಾರಿ ಎರಡು: ಗುಹೆಯ ಕಷ್ಟವನ್ನು ಒಂದೇ ಅಳತೆಗೆ ನಿಲ್ಲಿಸುವುದು, ಇಲ್ಲವೇ ಬಂದವನ ಅಳತೆಗೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸುವುದು. ಎರಡನೆಯದಕ್ಕೆ ಲೆವೆಲ್ ಸ್ಕೇಲಿಂಗ್ ಎನ್ನುತ್ತಾರೆ. ಕೇಳುವಾಗ ಬಹಳ ನ್ಯಾಯವಾಗಿ ಕೇಳಿಸುತ್ತದೆ.

ಆ ನ್ಯಾಯ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಸ್ಕೈರಿಮ್ ಸರಣಿಯದೇ 2006ರ ಗೇಮ್ ಆಬ್ಲಿವಿಯನ್ ಸಾಕು. ಅಲ್ಲಿ ದಾರಿಗಳ್ಳನೊಬ್ಬ ಅಡ್ಡಗಟ್ಟಿ 100 ಚಿನ್ನದ ನಾಣ್ಯ ಕೊಡು ಎನ್ನುತ್ತಾನೆ. ಆರಂಭದಲ್ಲಿ ಅವನ ಮೈಮೇಲೆ ಹರಕು ಚರ್ಮದ ಅಂಗಿ. ನಮ್ಮ ಲೆವೆಲ್ ಇಪ್ಪತ್ತು ದಾಟಲಿ, ಅದೇ ಕಳ್ಳ ಅರಮನೆಯ ಕಾವಲಿನವರಿಗೂ ಸಿಗದ ಗ್ಲಾಸ್ ಕವಚ ತೊಟ್ಟು ಬರುತ್ತಾನೆ. ಕೇಳುವುದು ಮಾತ್ರ ಅದೇ 100. ತೊಟ್ಟದ್ದನ್ನು ಮಾರಿದರೆ ಅವನು ಕಳ್ಳತನ ಬಿಟ್ಟು ಸುಖವಾಗಿ ಬಾಳಬಹುದಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ತಲೆಕೆಳಗು: ಕಾಲು ಚಾಚಿದಷ್ಟೂ ಹಾಸಿಗೆ ಗಿಡ್ಡವಾಗುತ್ತಾ ಹೋಗುತ್ತದೆ.

ಕೆಟ್ಟದ್ದು ಒಳಗಿನ ಲೆಕ್ಕ. ಆಟಗಾರ ತನ್ನ ಕೌಶಲಗಳಲ್ಲಿ ಏಳನ್ನು ಮೇಜರ್ ಸ್ಕಿಲ್, ಅಂದರೆ ಮುಖ್ಯವಾದವು, ಎಂದು ಆರಿಸಬೇಕು. ಅವುಗಳಲ್ಲಿ ಒಟ್ಟು ಹತ್ತು ಏರಿಕೆಯಾದರೆ, ಮಲಗಿ ಎದ್ದಾಗ ಒಂದು ಲೆವೆಲ್. ಓಟ, ನೆಗೆತ, ಮಾತುಗಾರಿಕೆ, ವ್ಯಾಪಾರ ಇಂಥವನ್ನು ಮೇಜರ್ ಮಾಡಿಕೊಂಡವನು ಊರಿಂದೂರಿಗೆ ಕುಪ್ಪಳಿಸಿಕೊಂಡು, ಚೌಕಾಸಿ ಮಾಡಿಕೊಂಡೇ ಲೆವೆಲ್ ಏರುತ್ತಾನೆ. ಅವನ ಕತ್ತಿಯ ಕೈ ಇದ್ದಲ್ಲೇ ಇರುತ್ತದೆ, ಕಾಡಿನ ಮೃಗಗಳು ಮಾತ್ರ ಅವನ ಲೆವೆಲ್ ನೋಡಿ ಬಲಿಯುತ್ತವೆ. ಇದರ ಮೇಲೆ ಶಕ್ತಿ, ಬುದ್ಧಿಯಂಥ ಗುಣಗಳ ಲೆಕ್ಕ: ಒಂದು ಗುಣಕ್ಕೆ ಪೂರ್ತಿ +5 ಸಿಗಬೇಕಾದರೆ ಅದರ ಕೆಳಗಿನ ಸ್ಕಿಲ್‌ಗಳು ಆ ಲೆವೆಲ್ಲಿನೊಳಗೆ ಹತ್ತು ಸಲ ಏರಿರಬೇಕು. ತಿಳಿದವರು ಏನು ಮಾಡಿದರು? ಬಳಸದ ಸ್ಕಿಲ್‌ಗಳನ್ನೇ ಮೇಜರ್ ಎಂದು ಗುರುತು ಹಾಕಿ, ಬಳಸುವವನ್ನು ಮೈನರ್‌ನಲ್ಲಿಟ್ಟು, ಪಕ್ಕದಲ್ಲಿ ಕಾಗದ ಪೆನ್ಸಿಲ್ ಇಟ್ಟುಕೊಂಡು ಆಡಿದರು. ಕೆಲವರು ಮಲಗುವುದನ್ನೇ ಬಿಟ್ಟರು. ಹೊತ್ತಿ ಉರಿಯುವ ಕ್ವಾಚ್ ಪಟ್ಟಣಕ್ಕೆ ಲೆವೆಲ್ 2ರಲ್ಲಿ ಹೋದರೆ ಎದುರಾಗುವವು ಸ್ಕ್ಯಾಂಪ್ ಎಂಬ ಪುಟ್ಟ ಪಿಶಾಚಿಗಳು. ಊರೆಲ್ಲ ಸುತ್ತಿ, ಬಲಿತು, ಇನ್ನು ನೋಡಿಕೊಳ್ಳೋಣ ಎಂದು ಇಪ್ಪತ್ತರ ಮೇಲೆ ಹೋದವನಿಗೆ ಡೇಡ್ರಾ ಎಂಬ ದೊಡ್ಡ ದೊಡ್ಡ ರಾಕ್ಷಸರ ಸಂತೆ. ಜೊತೆಗೆ ಬಂದ ಕಾವಲಿನವರು ಸಾಲಾಗಿ ಸಾಯುತ್ತಾರೆ. ಬಹುಮಾನದ ಕತ್ತಿಗಳಿಗೂ ಪಡೆದ ದಿನದ ಲೆವೆಲ್ಲೇ ಗಟ್ಟಿ, ಆಮೇಲೆ ಬೆಳೆಯುವುದಿಲ್ಲ. ಹಾಗಾಗಿ ಒಳ್ಳೆಯ ಕತ್ತಿ ಬೇಕಾದವನು ಕ್ವೆಸ್ಟನ್ನು, ಅಂದರೆ ಬಹುಮಾನ ಕೊಡುವ ಸಾಹಸವನ್ನು, ಮುಂದೂಡುತ್ತಾ ಕೂರಬೇಕು. ಎಲ್ಲಿಗೆ ಬೇಕಾದರೂ ಹೋಗಬಹುದು, ಯಾವಾಗ ಹೋದರೂ ಒಂದಲ್ಲ ಒಂದು ನಷ್ಟ. ಅದೇ ಗೇಮನ್ನು ಹೊಸದಾಗಿಸಿ ಬಿಟ್ಟ 2025ರ ರೀಮಾಸ್ಟರ್‌ನಲ್ಲಿ ಪ್ರತಿ ಲೆವೆಲ್ಲಿಗೂ 12 ಅಂಕ ಕೊಟ್ಟು, ಮೂರು ಗುಣಗಳಿಗೆ ಹಂಚಿಕೊಳ್ಳಿ ಎಂದು ಕಾಗದ ಪೆನ್ಸಿಲ್ಲಿನ ಕಾಟ ತಪ್ಪಿಸಿದರು. ಪ್ರಪಂಚ ನಮ್ಮ ಬೆನ್ನಿಗೇ ಬೆಳೆಯುವುದು ಉಳಿದುಕೊಂಡಿತು.

ಸ್ಕೈರಿಮ್ ಇದನ್ನು ಅರ್ಧ ಸರಿಮಾಡಿತು. ಒಂದೊಂದು ಪ್ರದೇಶಕ್ಕೂ ಕನಿಷ್ಠ ಇಷ್ಟು ಲೆವೆಲ್ ಎಂಬ ಗೆರೆ, ಕೆಲವಕ್ಕೆ ಗರಿಷ್ಠದ ಗೆರೆಯೂ. ಅದರ ನಡುವೆ ಮಾತ್ರ ಸ್ಕೇಲಿಂಗ್. ಶತ್ರುಗಳು ತುಂಬಿದ ಗುಹೆ, ಅಂದರೆ ಡಂಜನ್, ಒಳಗೆ ಮೊದಲ ಸಲ ಕಾಲಿಟ್ಟಾಗಿನ ಲೆವೆಲ್ಲಿಗೇ ಅದು ಬೀಗ ಹಾಕಿಕೊಳ್ಳುತ್ತದೆ. ಸೋತು ಓಡಿಬಂದು, ಹತ್ತು ಲೆವೆಲ್ ಏರಿ ಮತ್ತೆ ಹೋದರೆ ಸೇಡು ತೀರಿಸಿಕೊಳ್ಳಬಹುದು. ಇದರ ಒಳಗುಟ್ಟು ತಿಳಿದವರು ಎಳೆಯ ಲೆವೆಲ್ಲಿನಲ್ಲೇ ಕಂಡಕಂಡ ಗುಹೆಗಳ ಬಾಗಿಲು ತೆರೆದು, ಇಣುಕಿ, ವಾಪಸು ಬಂದುಬಿಡುತ್ತಾರೆ. ಮುಂದೆ ಅವೆಲ್ಲ ಸುಲಭದ ಗುಹೆಗಳು.

ಇನ್ನು ಸೆಟ್ಟಿಂಗ್ಸ್‌ನಲ್ಲಿರುವ ಕಷ್ಟದ ಆಯ್ಕೆ. ಅದನ್ನು ಮುಟ್ಟುವ ಮುನ್ನ ಅದು ಏನು ಮಾಡುತ್ತದೆ ಎಂದು ತಿಳಿದಿರುವುದು ಒಳ್ಳೆಯದು. ಸ್ಕೈರಿಮ್‌ನಲ್ಲಿ ಅಡೆಪ್ಟ್ ಮಟ್ಟ ಎಂದರೆ ಹೊಡೆತವೂ ಪೆಟ್ಟೂ ಇದ್ದಷ್ಟೇ. ಮಾಸ್ಟರ್ ಆದರೆ ನಾವು ಕೊಡುವುದು ಅರ್ಧ, ತಿನ್ನುವುದು ಎರಡು ಪಟ್ಟು. ಲೆಜೆಂಡರಿಯಲ್ಲಿ ಕೊಡುವುದು ಕಾಲುಭಾಗ, ತಿನ್ನುವುದು ಮೂರು ಪಟ್ಟು. ಹತ್ತು ಏಟಿಗೆ ಬೀಳುತ್ತಿದ್ದ ಟ್ರೋಲ್ ಎಂಬ ಮೃಗಕ್ಕೆ ನಲವತ್ತು ಏಟು ಬೇಕು. ಆರು ಪೆಟ್ಟು ತಡೆಯುತ್ತಿದ್ದ ನಾವು ಎರಡಕ್ಕೇ ಮಲಗುತ್ತೇವೆ. ಟ್ರೋಲ್‌ಗೆ ಹೊಸ ಬುದ್ಧಿಯೇನೂ ಬರುವುದಿಲ್ಲ. ಮೊದಲೂ ನೇರ ಓಡಿ ಬರುತ್ತಿತ್ತು, ಈಗಲೂ ಬರುತ್ತದೆ, ಸಾಯಲು ಹೆಚ್ಚು ಹೊತ್ತು ಹಿಡಿಯುತ್ತದೆ ಅಷ್ಟೆ.

ಇದರಿಂದ ಸ್ವಾತಂತ್ರ್ಯಕ್ಕೆ ಬೀಳುವ ಪೆಟ್ಟು ಮೇಲ್ನೋಟಕ್ಕೆ ಕಾಣುವುದಿಲ್ಲ. ಡಿಸ್ಟ್ರಕ್ಷನ್ ಮಂತ್ರ ಕಲಿತವನ ಬೆಂಕಿಯನ್ನೇ ನೋಡಿ. ಆ ಸ್ಕಿಲ್ 100 ಮುಟ್ಟಿದರೂ ಬೆಂಕಿಯ ಉರಿ ಹೆಚ್ಚುವುದಿಲ್ಲ, ಮಂತ್ರದ ಖರ್ಚು ಮಾತ್ರ ಇಳಿಯುತ್ತದೆ. ಪರ್ಕ್‌ಗಳಿಂದ, ಅಂದರೆ ಲೆವೆಲ್ ಏರಿದಾಗ ಆರಿಸಿಕೊಳ್ಳುವ ಹೆಚ್ಚುವರಿ ಬಲಗಳಿಂದ, ಸಿಗುವುದು ಅರ್ಧದಷ್ಟು ಹೆಚ್ಚಳ, ಅಲ್ಲಿಗೆ ಮುಗಿಯಿತು. ಅದನ್ನು ಕಾಲುಭಾಗಕ್ಕೆ ಇಳಿಸಿದರೆ ಶತ್ರು ಸಾಯುವ ಮೊದಲು ಮಂತ್ರಕ್ಕೆ ಬೇಕಾದ ಮ್ಯಾಜಿಕಾ ಖಾಲಿ. ಅತ್ತ ಕತ್ತಲಲ್ಲಿ ಬಗ್ಗಿ ಕೂತು ಬಾಣ ಬಿಡುವವನಿಗೆ ಪರ್ಕ್ ಇದ್ದರೆ ಮೂರು ಪಟ್ಟು ಡ್ಯಾಮೇಜ್, ಬಿಲ್ಲನ್ನು ಕಮ್ಮಾರಿಕೆಯಲ್ಲಿ ಹದಗೊಳಿಸಿದರೆ ಇನ್ನಷ್ಟು. ಮಂತ್ರವಾದಿಯಾಗಿಯೋ ಗದೆ ಹಿಡಿದ ಯೋಧನಾಗಿಯೋ ಹೊರಟವರೆಲ್ಲ ಕೊನೆಗೆ ಕತ್ತಲಲ್ಲಿ ಬಗ್ಗಿ ಕೂತ ಬಿಲ್ಲುಗಾರರಾಗುತ್ತಾರೆ ಎಂಬ ತಮಾಷೆ ಹುಟ್ಟಿದ್ದು ಸುಮ್ಮನೆ ಅಲ್ಲ. ಆಯ್ಕೆಗಳನ್ನು ಯಾರೂ ಕಿತ್ತುಕೊಳ್ಳಲಿಲ್ಲ, ಅವುಗಳ ಬೆಲೆ ಏರಿಸಿಬಿಟ್ಟರು. ಆಟದ ನಡುವೆ ಮಂತ್ರವಾದಿ ಸೊರಗಿದರೆ ಕಷ್ಟದ ಮಟ್ಟವನ್ನು ಒಂದು ಮೆಟ್ಟಿಲು ಇಳಿಸುವುದರಲ್ಲಿ ಮಾನ ಹೋಗುವಂಥದ್ದು ಏನಿಲ್ಲ. ಬಿಲ್ಲುಗಾರನಾಗಿ ಮತಾಂತರವಾಗುವುದಕ್ಕಿಂತ ಅದು ಎಷ್ಟೋ ಮೇಲು.

ಕಷ್ಟವನ್ನು ನೆಲಕ್ಕೇ ನೆಟ್ಟ ಗೇಮ್ ನೋಡಬೇಕಾದರೆ 2010ರ ಫಾಲ್‌ಔಟ್ ನ್ಯೂ ವೇಗಸ್. ಗುಡ್‌ಸ್ಪ್ರಿಂಗ್ಸ್ ಊರಿನಿಂದ ಉತ್ತರಕ್ಕೆ ನೋಡಿದರೆ ವೇಗಸ್ಸಿನ ಗೋಪುರ ಅಲ್ಲೇ ಕಾಣುತ್ತದೆ. ನೇರ ಹೋದರೆ ಡೆತ್‌ಕ್ಲಾ ಎಂಬ ದೊಡ್ಡ ಉಗುರಿನ ಮೃಗಗಳು, ವಿಷದ ಕೊಂಡಿಯ ಕ್ಯಾಜಡೋರ್ ಕಣಜಗಳು. ಸುತ್ತಿನ ದಾರಿ ದಕ್ಷಿಣಕ್ಕೆ ಪ್ರಿಮ್, ನಿಪ್ಟನ್, ನೊವ್ಯಾಕ್ ಮೂಲಕ. ಉತ್ತರಕ್ಕೆ ಗೋಡೆಯಿಲ್ಲ, ಬೇಡ ಎನ್ನುವ ಜನರಿದ್ದಾರೆ. ಇಲ್ಲಿನ ಕವಚದ ಲೆಕ್ಕವೂ ಸೊಗಸು. ಬೇರೆ ಎಷ್ಟೋ ಗೇಮುಗಳಲ್ಲಿ ಕವಚ ಡ್ಯಾಮೇಜನ್ನು ಶೇಕಡಾವಾರು ಇಳಿಸುತ್ತದೆ, ಇಲ್ಲಿ ಕಳೆಯುತ್ತದೆ. 15ರ ತಡೆ ಇರುವ ಮೃಗಕ್ಕೆ 16 ಡ್ಯಾಮೇಜಿನ ಗುಂಡು ಹೊಡೆದರೆ ಉಳಿಯಬೇಕಾದ್ದು 1. ಐದನೇ ಒಂದು ಭಾಗವಾದರೂ ತಾಗಲಿ ಎಂಬ ನಿಯಮವಿರುವುದರಿಂದ 3.2. ಮೃಗದ ಹೆಲ್ತ್ 500 ಎಂದಿಟ್ಟುಕೊಂಡರೆ 150ಕ್ಕೂ ಹೆಚ್ಚು ಗುಂಡು ಬೇಕು. ಅದೇ ಗನ್ನಿಗೆ ಕವಚ ಸೀಳುವ ಗುಂಡು ತುಂಬಿದರೆ ಚಿತ್ರವೇ ಬೇರೆ. ಶೇಕಡಾವಾರು ಲೆಕ್ಕದಲ್ಲಿ ತಾಳ್ಮೆಯಿದ್ದವನು ಗೆಲ್ಲುತ್ತಾನೆ, ಕಳೆಯುವ ಲೆಕ್ಕದಲ್ಲಿ ಸರಿಯಾದ ಸಾಮಾನು ತಂದವನು. ಹೊಡೆದಾಡದೆಯೂ ದಾಟಬಹುದು: ಗುಡ್‌ಸ್ಪ್ರಿಂಗ್ಸ್‌ನ ಹಾಳು ಶಾಲೆಯ ತಿಜೋರಿಯಲ್ಲಿ ಸ್ಟೆಲ್ತ್ ಬಾಯ್ ಇದೆ, ಕೆಲಹೊತ್ತು ನಮ್ಮನ್ನು ಯಾರ ಕಣ್ಣಿಗೂ ಕಾಣದಂತೆ ಮಾಡುವ ಯಂತ್ರ. ಊರು ಬಿಡುವ ಮೊದಲು ಬೀಗ ತೆರೆದು ನೋಡಿದವನಿಗೆ ಉತ್ತರದ ದಾರಿಯೂ ಒಂದು ದಾರಿ.

ದಿ ವಿಚರ್ 3ರದ್ದು ನಡುವಿನ ತೊಡಕು. ಅಲ್ಲೂ ಪ್ರದೇಶಕ್ಕೆ ತಕ್ಕ ಕಷ್ಟ ಸ್ಥಿರವೇ, ಆದರೆ ಅದು ಕಣ್ಣಿಗೆ ಕಾಣದೆ ಅಂಕಿಯಲ್ಲಿ ಅಡಗಿದೆ. ವೆಲೆನ್ ಪ್ರದೇಶದ ಕೆರೆಯ ಡ್ರೌನರ್ ಎಂಬ ನೀರಿನ ಭೂತಕ್ಕೂ ಸ್ಕೆಲಿಗೆ ದ್ವೀಪದ ಡ್ರೌನರ್‌ಗೂ ನೋಟದಲ್ಲಿ ವ್ಯತ್ಯಾಸ ಹೇಳುವುದು ಕಷ್ಟ. ಒಂದು ನಾಲ್ಕು ಏಟಿಗೆ ಸಾಯುತ್ತದೆ, ಇನ್ನೊಂದರ ತಲೆಯ ಮೇಲೆ ಕೆಂಪು ಬುರುಡೆ, ನಮಗಿಂತ ಬಹಳ ಬಲಶಾಲಿ ಎಂಬ ಗುರುತು. ನಾವು ಲೆವೆಲ್‌ನಲ್ಲಿ ತೀರಾ ಮುಂದೆ ಹೋದರೆ ಹಳೆಯ ಕ್ವೆಸ್ಟ್‌ಗಳ ಹೆಸರು ಬೂದುಬಣ್ಣಕ್ಕೆ ತಿರುಗಿ ಅನುಭವಾಂಕ ಹೆಚ್ಚುಕಡಿಮೆ ಸಿಗುವುದೇ ಇಲ್ಲ. ಡ್ರ್ಯಾಗನ್ ದೊಡ್ಡದಾಗಿ ಕಾಣಬೇಕು, ಬೆಂಕಿ ಉಗುಳಬೇಕು, ದೂರದಿಂದಲೇ ಎದೆ ನಡುಗಬೇಕು. ಅಂಕಿ ಓದಿ ಹೆದರುವುದು ಲೆಕ್ಕಪತ್ರದ ಕೆಲಸ.

2022ರ ಎಲ್ಡನ್ ರಿಂಗ್‌ನಲ್ಲಿ ಕಷ್ಟದ ಮೆನುವೇ ಇಲ್ಲ. ಬಯಲಿಗೆ ಬಂದ ಕೂಡಲೇ ಚಿನ್ನದ ಕವಚದ ಕುದುರೆ ಸವಾರ ಟ್ರೀ ಸೆಂಟಿನೆಲ್ ಅಡ್ಡಾಡುತ್ತಿರುತ್ತಾನೆ. ಅವನು ಕಲಿಸುವ ಪಾಠ ಒಂದೇ: ಸುತ್ತಿಕೊಂಡು ಹೋಗು. ಸ್ಟಾರ್ಮ್‌ವೇಲ್ ಕೋಟೆಯ ಬಾಗಿಲಲ್ಲಿ ಬಾಸ್, ಅಂದರೆ ದೊಡ್ಡ ಎದುರಾಳಿ, ಮಾರ್ಗಿಟ್ ಹತ್ತು ಸಲ ಕೆಡವಿದರೆ, ಕೋಟೆಯ ಪಕ್ಕದ ಕಡಿದಾದ ಅಂಚು ಹಿಡಿದು ಮುಂದಿನ ನಾಡಿಗೇ ಇಳಿಯಬಹುದು. ಡ್ರ್ಯಾಗನ್-ಬರ್ನ್ಟ್ ಪಾಳುಕಟ್ಟಡದ ಪೆಟ್ಟಿಗೆ ತೆರೆದರೆ ಹೊಗೆ ಎದ್ದು ಕೇಲಿಡ್‌ನ ಗಣಿಯೊಂದಕ್ಕೆ ಎಸೆಯುತ್ತದೆ. ಅಲ್ಲಿನ ಹುಳುಗಳ ಮುಂದೆ ಹೊಸಬನಿಗೆ ಓಟವೊಂದೇ ವಿದ್ಯೆ. ಕಷ್ಟವನ್ನು ಇಳಿಸುವ ಸ್ಲೈಡರ್‌ಗಳು ಇಲ್ಲಿ ಸಾಮಾನಿನ, ಗುಣಗಳ ರೂಪದಲ್ಲಿವೆ: ಜೊತೆಗೆ ಹೊಡೆದಾಡುವ ಸ್ಪಿರಿಟ್ ಆ್ಯಶ್, ಕತ್ತಿಗೆ ಸ್ಮಿಥಿಂಗ್ ಸ್ಟೋನ್, ಹೆಲ್ತ್‌ಗೆ ವಿಗರ್. ಎಷ್ಟೋ ಜನ ಶತ್ರುಗಳನ್ನು ಕೊಂದು ಗಳಿಸಿದ ರೂನ್‌ಗಳನ್ನೆಲ್ಲ ಶಕ್ತಿಗೆ ಸುರಿದು, ವಿಗರ್ ಹದಿನೈದರಲ್ಲೇ ಬಿಟ್ಟು, ಒಂದೇ ಏಟಿಗೆ ಸಾಯುತ್ತೇನೆ ಎಂದು ಗೊಣಗುತ್ತಾರೆ. ವಿಗರನ್ನು 40ಕ್ಕೆ ತನ್ನಿ, ಆಮೇಲೆ 60ರವರೆಗೂ ಲಾಭವಿದೆ. ಅದರಾಚೆ ಹಾಕಿದ್ದು ಹೆಚ್ಚುಕಡಿಮೆ ವ್ಯರ್ಥ.

ಇದೇ ಗೇಮಿನ 2024ರ ವಿಸ್ತರಣೆಗೆ, ಅಂದರೆ ಆಮೇಲೆ ಸೇರಿಸಿದ ಹೊಸ ನಾಡಿಗೆ, ಕೆಲವರು ಲೆವೆಲ್ 100ರಲ್ಲಿ ಬಂದರು, ಕೆಲವರು 200 ದಾಟಿ. ಅಲ್ಲಿ ಹೂಡಿದ ಉಪಾಯ ಮೆಚ್ಚುವಂಥದ್ದು: ಆ ನಾಡಿನೊಳಗೆ ಮಾತ್ರ ನಡೆಯುವ ಇಪ್ಪತ್ತು ಮೆಟ್ಟಿಲಿನ ಇನ್ನೊಂದು ಬಲ. ಅದಕ್ಕೆ ಬೇಕಾದ ಸ್ಕಾಡುಟ್ರೀ ಚೂರುಗಳು ನಾಡಿನ ಮೂಲೆ ಮೂಲೆಯಲ್ಲಿ ಬಿದ್ದಿವೆ. ಹಳೆಯ ಲೆವೆಲ್ಲನ್ನು ಕಿತ್ತುಕೊಳ್ಳಲಿಲ್ಲ, ಶತ್ರುಗಳನ್ನು ಹಿಗ್ಗಿಸಲಿಲ್ಲ, ಆದರೂ ಎಲ್ಲರೂ ಮತ್ತೆ ಹೊಸಬರು. ಚೂರು ಹುಡುಕದೆ ಸೀದಾ ಬಾಸ್‌ಗಳ ಮುಂದೆ ಹೋಗಿ ಒದೆ ತಿಂದವರ ಗಲಾಟೆ ಎಷ್ಟಾಯಿತೆಂದರೆ, ಬಿಡುಗಡೆಯಾದ ಸ್ವಲ್ಪ ದಿನಕ್ಕೇ ಪ್ಯಾಚ್, ಅಂದರೆ ಗೇಮಿಗೆ ತಿದ್ದುಪಡಿ, ಬಂದು ಮೊದಲ ಮೆಟ್ಟಿಲುಗಳ ಬಲ ಹೆಚ್ಚಿಸಬೇಕಾಯಿತು. ಹುಡುಕಾಟಕ್ಕೆ ಬಹುಮಾನ ಇಟ್ಟರೆ ಸಾಲದು, ಮೊದಲ ಬಹುಮಾನ ಕಾಲಿಗೆ ಎಡವುವಂತಿರಬೇಕು.

ಆಟವನ್ನೇ ಕೆಡಿಸುವ ಸ್ವಾತಂತ್ರ್ಯವೂ ಒಂದಿದೆ. 2002ರ ಮಾರೋವಿಂಡ್‌ನಲ್ಲಿ ಬುದ್ಧಿ ಹೆಚ್ಚಿಸುವ ಔಷಧಿ ಮಾಡಿ ಕುಡಿದರೆ ಮುಂದಿನ ಔಷಧಿ ಇನ್ನೂ ಗಟ್ಟಿ. ಅದನ್ನು ಕುಡಿದು ಮತ್ತೆ ಮಾಡಿದರೆ ಮತ್ತಷ್ಟು. ಹೀಗೆ ಕುಡಿಯುತ್ತಾ ಹೋದರೆ ದೇವರುಗಳು ಬಾಯಿಬಿಡುವಷ್ಟು ಬುದ್ಧಿ ಬರುತ್ತದೆ. ಕಥೆಗೆ ಬೇಕಾದ ಪಾತ್ರವನ್ನು ಕೊಂದರೆ ಗೇಮ್ ತಡೆಯುವುದಿಲ್ಲ. ಭವಿಷ್ಯವಾಣಿಯ ದಾರ ಕಡಿಯಿತು, ಹಳೆಯ ಸೇವ್‌ಗೆ (ಉಳಿಸಿಟ್ಟ ಆಟಕ್ಕೆ) ಮರಳು ಅಥವಾ ಕೆಟ್ಟ ಲೋಕದಲ್ಲೇ ಇರು ಎಂದು ಹೇಳಿ ಸುಮ್ಮನಾಗುತ್ತದೆ. ಒಬ್ಬರೇ ಆಡುವ ಗೇಮಿನಲ್ಲಿ ಇಂಥ ತೂತುಗಳನ್ನು ಮುಚ್ಚಬೇಕಾಗಿಲ್ಲ. ಮುಚ್ಚಬೇಕಾದ್ದು ಬೇಸರದ ತೂತುಗಳನ್ನು. ಸ್ಕೈರಿಮ್‌ನಲ್ಲಿ ಆರಂಭದಲ್ಲಿ ಕಬ್ಬಿಣದ ಚೂರಿ ಬಡಿದು ಬಡಿದೇ ಕಮ್ಮಾರಿಕೆ 100 ಮುಟ್ಟಬಹುದಿತ್ತು. ಪ್ಯಾಚ್ ಬಂದು, ಮಾಡಿದ ವಸ್ತುವಿನ ಬೆಲೆಗೆ ತಕ್ಕಷ್ಟು ಅನುಭವ ಎಂದಾಯಿತು. ಜನ ಚೂರಿ ಬಿಟ್ಟು ಚಿನ್ನದ ಉಂಗುರ ಹಿಡಿದರು.

ಕಷ್ಟದ ಚರ್ಚೆಯಲ್ಲಿ ಎಲ್ಲರೂ ಮರೆಯುವ ಬಾಬತ್ತು ಸೇವ್. ಯಾವಾಗ ಬೇಕಾದರೂ ಸೇವ್ ಮಾಡಬಹುದಾದ ಗೇಮಿನಲ್ಲಿ ಬೀಗ ಮುರಿಯುವ ಸಾಹಸವಿಲ್ಲ, ಕಡ್ಡಿ ಮುರಿದರೆ ಹಿಂದಿನ ಸೇವ್ ಇದೆ. ಜೇಬುಗಳ್ಳತನದಲ್ಲಿ ಸಿಕ್ಕಿಬಿದ್ದರೂ ಅಷ್ಟೆ. 2018ರ ಕಿಂಗ್‌ಡಮ್ ಕಮ್: ಡೆಲಿವರೆನ್ಸ್ ಇದಕ್ಕೆ ಕಡಿವಾಣ ಹಾಕಲು ಹೊರಟು, ಬೇಕೆಂದಾಗ ಸೇವ್ ಮಾಡಬೇಕಾದರೆ ಸೇವಿಯರ್ ಶ್ನಾಪ್ಸ್ ಎಂಬ ಸಾರಾಯಿ ಕುಡಿಯಬೇಕು ಎಂದಿತು. ಅದನ್ನು ಕೊಳ್ಳಬೇಕು, ಇಲ್ಲವೇ ಗಿಡಮೂಲಿಕೆ ತಂದು ಬೇಯಿಸಬೇಕು. ಇಲ್ಲದಿದ್ದರೆ ಹಾಸಿಗೆ ಹುಡುಕಿಕೊಂಡು ಮಲಗಬೇಕು. ಪರಿಣಾಮ ನಿಜಕ್ಕೂ ಒಳ್ಳೆಯದಿತ್ತು: ಮೂವರು ಡಕಾಯಿತರು ಕಂಡರೆ ಕೈ ಕತ್ತಿಗೆ ಹೋಗುವ ಬದಲು ಕಾಲು ಪೊದೆಯ ಕಡೆ ಹೋಗುತ್ತಿತ್ತು. ಆದರೆ ಮನೆಯಲ್ಲಿ ಯಾರೋ ಕರೆದರು ಎಂದು ಎದ್ದು ಹೋಗುವವನಿಗೂ ಅದೇ ಕಟ್ಟಳೆ. ಆಟದೊಳಗಿನ ಭಯಕ್ಕೆ ಇಟ್ಟ ದಂಡವನ್ನು ಆಟದ ಹೊರಗಿನವನು ಕಟ್ಟುತ್ತಿದ್ದ. ಸೇವ್‌ಗೆ ಮಿತಿಯೇ ಇಲ್ಲದಂತೆ ಮಾಡುವ ಮಾಡ್, ಅಂದರೆ ಆಟಗಾರರೇ ಮಾಡಿದ ಮಾರ್ಪಾಡು, ಬಹಳ ಬೇಗ ಜನಪ್ರಿಯವಾಯಿತು. ಆಮೇಲೆ ಗೇಮಿನವರೇ ಸೇವ್ ಮಾಡಿ ಹೊರಹೋಗುವ ಸೌಲಭ್ಯ ಕೊಟ್ಟರು. ಮರಳಿ ಬಂದು ತೆರೆದ ಕೂಡಲೇ ಆ ಸೇವ್ ಅಳಿಸಿಹೋಗುತ್ತದೆ. ಶ್ನಾಪ್ಸ್ ನಂಬಿಕೊಂಡವರ ಗತಿ ಮೊದಲಿನಂತೆಯೇ: ಹೆಜ್ಜೆಹೆಜ್ಜೆಗೂ ಸೇವ್ ಮಾಡುತ್ತಾ ಬಂದರೆ, ಡಕಾಯಿತರ ಬಿಡಾರ ಮುಟ್ಟುವ ಹೊತ್ತಿಗೆ ನಾಯಕ ಹೆನ್ರಿಗೆ ಕಾಲು ನಿಲ್ಲುವುದಿಲ್ಲ.