ನನ್ನ ಸೀಟಿನ ಮೇಲೆ ಯಾರದೋ ಟವೆಲ್

ಮೊನ್ನೆ ರಾತ್ರಿ ಊಟ ಮುಗಿಸಿ, ಬಾಸ್ ಗಿಟಾರ್ ಹೆಗಲಿಗೇರಿಸಿ ಯೂಟ್ಯೂಬ್ ತೆಗೆದೆ. ‘ಬಾಸ್ ಕಲಿಯುವವರಿಗೆ ಬ್ಯಾಕಿಂಗ್ ಟ್ರ್ಯಾಕ್’ ಅಂತ ಹುಡುಕಿದೆ. ಅಂದರೆ ನಮ್ಮ ವಾದ್ಯವೊಂದನ್ನು ಬಿಟ್ಟು ಮಿಕ್ಕ ವಾದ್ಯಗಳನ್ನು ನುಡಿಸಿಟ್ಟ ರೆಕಾರ್ಡು; ಬಿಟ್ಟ ಜಾಗದಲ್ಲಿ ನಾವು ನುಡಿಸಬೇಕು. ಸಿಕ್ಕಿತು. ಡ್ರಮ್ಸ್ ಇತ್ತು, ಕೀಬೋರ್ಡ್ ಇತ್ತು. ಬಾಸೂ ಇತ್ತು! ಯಾರೋ ಮಹಾನುಭಾವ ನನಗಿಂತ ಮೊದಲೇ ಬಂದು ಕೂತು, ನನಗಿಂತ ಚೆನ್ನಾಗಿ ನುಡಿಸುತ್ತಿದ್ದ. ಕೆಂಪು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಆ ಪೈಕಿಯವನು.

ನಾನು ಕೈ ಬಿಟ್ಟು ಸುಮ್ನೆ ಕೂತೆ. ಅಡುಗೆಮನೆಯಿಂದ ಹೆಂಡತಿಯ ದನಿ: “ಈಗ ಪರವಾಗಿಲ್ಲ ಕಣ್ರೀ, ಕೈ ಕೂತಿದೆ!”

ಗಿಟಾರಿನವರ ಪುಣ್ಯವೇ ಪುಣ್ಯ. ಅವರಿಗಾಗಿ ಸೂರ್ಯಾಸ್ತದ ಚಿತ್ರ ಹಾಕಿದ ಟ್ರ್ಯಾಕುಗಳು ರಾಶಿ ಬಿದ್ದಿವೆ. ಎ ಮೈನರಿನಲ್ಲಿ ದುಃಖ, ಇ ಮೈನರಿನಲ್ಲಿ ಇನ್ನೂ ಜಾಸ್ತಿ ದುಃಖ. ಬೇಕಾದ ದುಃಖ ಬೇಕಾದ ಸ್ಪೀಡಿನಲ್ಲಿ ಸಿಗುತ್ತದೆ. ಬಾಸಿನವನ ದುಃಖಕ್ಕೆ ಮಾತ್ರ ಟ್ರ್ಯಾಕ್ ಇಲ್ಲ.

ನನಗೆ ಬೇಕಿದ್ದದ್ದೂ ದೊಡ್ಡದೇನಲ್ಲ. ಎ ಸ್ಕೇಲಿನಲ್ಲಿ ಹನ್ನೆರಡು ಬಾರಿನ ಬ್ಲೂಸ್. ಬಾರ್ ಅಂದರೆ ತಾಳದ ಒಂದು ಸುತ್ತು. ಎ, ಡಿ, ಇ, ಮೂರೇ ಕಾರ್ಡು (ಸ್ವರಗುಚ್ಛ). ಬಾಸಿನಲ್ಲಿ ಈ ಮೂರೂ ಬೆರಳೊತ್ತದೆ ಮೀಟುವ ತಂತಿಗಳೇ. ಎಡಗೈ ಜೇಬಿನಲ್ಲಿಟ್ಟುಕೊಂಡೂ ಮರ್ಯಾದೆ ಉಳಿಸಿಕೊಳ್ಳಬಹುದು. ಹುಡುಕಿ ಹುಡುಕಿ, ಬಾಸ್ ಇಲ್ಲದ್ದು ಒಂದು ಸಿಕ್ಕಿತು. ನಿಧಾನವಾಗಿದೆ, ಚೆನ್ನಾಗಿದೆ. ನಾಲ್ಕು ಬಾರ್ ಎ, ಎರಡು ಡಿ, ಮತ್ತೆ ಎರಡು ಎ. ಒಂಬತ್ತನೇ ಬಾರ್‌ನಲ್ಲಿ ಇ ಬರಬೇಕು. ಬಂದದ್ದು ಮಂಡಿನೋವಿನ ಎಣ್ಣೆ.

ಅಮೆರಿಕದ ಇಂಡಿಯಾನಾದಲ್ಲಿ ಜೇಮಿ ಎಬರ್‌ಸೋಲ್ಡ್ ಎಂಬ ಸ್ಯಾಕ್ಸೋಫೋನ್ ಮೇಷ್ಟ್ರಿದ್ದಾರೆ. 1967ರಿಂದ ಜಾಜ್ ಕಲಿಯುವವರಿಗೆ ಅಭ್ಯಾಸದ ರೆಕಾರ್ಡ್ ಮಾಡಿ ಹಂಚಿದವರು. ಅವರ ರೆಕಾರ್ಡುಗಳಲ್ಲಿ ಬಾಸ್ ಒಂದು ಸ್ಪೀಕರಿಗೆ, ಪಿಯಾನೊ ಇನ್ನೊಂದಕ್ಕೆ. ಬಾಸ್ ಕಲಿಯುವವನು ಸ್ಟೀರಿಯೋದ ಬ್ಯಾಲೆನ್ಸ್ ನಾಬ್ ಒಂದು ಕಡೆ ತಿರುಗಿಸಿದರೆ ಸಾಕು, ಬಾಸಿನವನು ಎದ್ದು ಸೀಟು ಬಿಟ್ಟುಕೊಡುತ್ತಿದ್ದ. ಮೇಷ್ಟ್ರಿಗೆ ಹೊಳೆದದ್ದು ನಮ್ಮ ಕಾಲದ ಚಾನೆಲ್ ಶೂರರಿಗೆ ಹೊಳೆಯುತ್ತಿಲ್ಲ.

ಈಗ ಅದಕ್ಕೂ ಆ್ಯಪ್ ಬಂದಿದೆ. ಯಾವ ಹಾಡು ಕೊಟ್ಟರೂ ಬಾಸನ್ನು ಕಿತ್ತು ಕೈಗಿಡುತ್ತದೆ. ಒಂದನ್ನು ಹಾಕಿ ನೋಡಿದೆ. ಬಾಸಿನ ಜೊತೆ ಡ್ರಮ್ಮಿನ ಅರ್ಧ ಪ್ರಾಣವೂ ಹೋಗಿ, ಬಕೆಟ್ಟು ಬಡಿದ ಸದ್ದು ಉಳಿಯಿತು. ಜಾಸ್ತಿ ಬೇಕಿದ್ದರೆ ತಿಂಗಳು ತಿಂಗಳು ದುಡ್ಡು ಕಟ್ಟಿ ಅಂದಿತು. ಅದಕ್ಕಿಂತ ಫೋನಿನ ಸ್ಪೀಕರೇ ವಾಸಿ. ಬಾಸಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ಅಷ್ಟು ತಗ್ಗಿನ ಸ್ವರ ಆ ಕಡಲೆಬೀಜದಂಥ ಸ್ಪೀಕರಿಗೆ ಎಟುಕುವುದೇ ಇಲ್ಲ. ಟವೆಲಿನವನ ಗಲಾಟೆ ಅರ್ಧಕ್ಕರ್ಧ ಕಮ್ಮಿ, ಅದೂ ಪುಕ್ಕಟೆ.

ತಮಾಷೆ ಸಾಕು. ಆಫೀಸಿಂದ ಬಂದವನಿಗೆ ದಿನಕ್ಕೆ ಸಿಗುವುದೇ ಅರ್ಧ ಗಂಟೆ. ಅದರಲ್ಲಿ ಇಪ್ಪತ್ತು ನಿಮಿಷ ಹುಡುಕಾಟಕ್ಕೇ ಹೋಗುತ್ತದೆ. ಟ್ರ್ಯಾಕ್ ಮಾಡುವವನ ಕಂಪ್ಯೂಟರಿನಲ್ಲಿ ಬಾಸ್ ಬೇರೆ ಸಾಲಿನಲ್ಲೇ ಇರುತ್ತದೆ. ಮ್ಯೂಟ್ ಒತ್ತಿ ಇನ್ನೊಂದು ಸಲ ಅಪ್‌ಲೋಡ್ ಮಾಡೋಕೆ ಏನು ರೋಗ? ‘ಬಾಸಿನವರಿಗಾಗಿ’ ಅಂತ ಹೆಸರಿಡಲು ಬರುತ್ತೆ, ಬಾಸ್ ತೆಗೆಯೋಕೆ ಬರಲ್ಲ.

ಪಕ್ಕದ ಮನೆ ಹುಡುಗಿ ಬೆಳಗ್ಗೆ ಆರಕ್ಕೆ ಎಲೆಕ್ಟ್ರಾನಿಕ್ ತಂಬೂರಿ ಹಾಕಿಕೊಂಡು ಸರಳೆ ವರಸೆ ಹೇಳುತ್ತಾಳೆ. 1970ರ ದಶಕದ ಕೊನೆಗೆ ನಮ್ಮ ಬೆಂಗಳೂರಿನ ರಾಜ್ ನಾರಾಯಣ್ ಅವರು ಮಾಡಿದ ಪೆಟ್ಟಿಗೆಯ ಸಂತತಿ ಅದು. ಒಂದು ಸ್ವಿಚ್ಚು, ಒಂದು ಶ್ರುತಿ. ಎಣ್ಣೆ ಮಾರುವುದಿಲ್ಲ. ಅವಳ ಬದಲು ತಾನೇ ಹಾಡುವುದೂ ಇಲ್ಲ.

ನಾಳೆ ಹೋಗಿ ಆ ಪೆಟ್ಟಿಗೆಯನ್ನು ಒಂದು ಗಂಟೆ ಸಾಲ ಕೇಳಬೇಕು. ಅವಳ ಶ್ರುತಿ ಜಿ ಅಂತೆ. ಬಾಸಿನ ದಪ್ಪ ತಂತಿ, ಮೂರನೇ ಫ್ರೆಟ್ಟಿಗೆ ಬೆರಳಿಟ್ಟರೆ ಅದೇ ಸ್ವರ.