ವಿಧಿಯಾಟ ಅಂದ ಅಗಮೆಮ್ನಾನ್ ದಂಡ ಕಟ್ಟಿದ್ದೇಕೆ?

ಗ್ರೀಕರ ಮಾತು ಬಂದಾಗಲೆಲ್ಲ ‘ಅವರಿಗೆ ಎಲ್ಲವೂ ವಿಧಿಯಾಟ, ಮನುಷ್ಯ ಬರೀ ಸೂತ್ರದ ಗೊಂಬೆ’ ಅಂತ ಷರಾ ಬರೆದು ಮುಗಿಸುವವರು ಟ್ರಾಯ್ ಯುದ್ಧದ ಕತೆ ಹೇಳುವ ಹೋಮರನ ಮಹಾಕಾವ್ಯ ಇಲಿಯಡ್‌ನ 19ನೇ ಸರ್ಗವನ್ನು ಒಮ್ಮೆ ಓದಬೇಕು. ತನ್ನದೇ ಪಡೆಯ ವೀರ ಅಕಿಲೀಸನ ಪಾಲಿಗೆ ಬಂದಿದ್ದ ಸೆರೆಯಾಳು ಬ್ರಿಸೇಯಿಸಳನ್ನು ಕಿತ್ತುಕೊಂಡಿದ್ದ ಗ್ರೀಕ್ ಸೇನಾಪತಿ ಅಗಮೆಮ್ನಾನ್ ತುಂಬಿದ ಸಭೆಯಲ್ಲಿ ಹೇಳುತ್ತಾನೆ: ತಪ್ಪು ನನ್ನದಲ್ಲ, ದೇವರಾಜ ಜ್ಯೂಸ್, ವಿಧಿ, ಕತ್ತಲಲ್ಲಿ ಸುಳಿಯುವ ಸೇಡಿನ ದೇವತೆ ಎರಿನಿಸ್ ಸೇರಿ ನನ್ನ ಬುದ್ಧಿಗೆ ಮಂಕು ಕವಿಸಿದರು.

ಇಲ್ಲಿಗೇ ಪುಸ್ತಕ ಮುಚ್ಚಿದರೆ ಗೊಂಬೆಯ ವಾದ ಗೆದ್ದಂತೆ. ಆದರೆ ಮಾತು ಮುಗಿಸುವ ಮುನ್ನ ಅವನೇ, ಹೀಗೆ ಮಂಕು ಕವಿದಿದ್ದರಿಂದ ತಪ್ಪುಕಾಣಿಕೆ ಒಪ್ಪಿಸುತ್ತೇನೆ ಅನ್ನುತ್ತಾನೆ. ಪಟ್ಟಿ ನೋಡಿ: ಮೂರು ಕಾಲಿನ ಹಂಡೆ 7, ಕೊಪ್ಪರಿಗೆ 20, ಕುದುರೆ 12, ಒಡಿಸ್ಯೂಸ್ ತೂಗಿ ತಂದ ಚಿನ್ನ 10 ಟ್ಯಾಲೆಂಟ್ (ಗ್ರೀಕರ ತೂಕದ ಅಳತೆ), ಕೈಕೆಲಸ ಬಲ್ಲ ಹೆಂಗಸರು 7, ಎಂಟನೆಯವಳು ಬ್ರಿಸೇಯಿಸ್. (ಆ ಹೆಂಗಸರ ಇಚ್ಛೆ ಏನು ಅಂತ ಸಭೆಯಲ್ಲಿ ಯಾರೂ ಕೇಳಲಿಲ್ಲ.) ದೇವರು ಮಾಡಿಸಿದ ಅನ್ನುವುದು ‘ಹೇಗಾಯಿತು’ ಅನ್ನುವುದಕ್ಕೆ ಉತ್ತರ. ‘ಯಾರು ತೆರಬೇಕು’ ಅನ್ನುವುದು ಬೇರೆಯೇ ಲೆಕ್ಕ. ಇವೆರಡನ್ನೂ ಕಲಸಿಬಿಡುವುದರಿಂದಲೇ ನಮ್ಮ ಓದು ಎಡವುತ್ತದೆ.

ನಾಟಕಕಾರ ಸೊಫೊಕ್ಲೀಸನ ಈಡಿಪಸ್ ಕೂಡ ಹಾಗೆಯೇ. ತಿಳಿಯದೆ ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾದ ದೊರೆ ಅವನು; ನಿಜ ಗೊತ್ತಾದಾಗ ತನ್ನ ಕಣ್ಣು ತಾನೇ ಚುಚ್ಚಿಕೊಂಡ. ಈ ಸಂಕಟ ತಂದವನು ಅಪೊಲೊ ದೇವರು, ಆದರೆ ಕಣ್ಣಿಗೆ ಚುಚ್ಚಿದ ಕೈ ನನ್ನದೇ ಅನ್ನುತ್ತಾನೆ. ಅವನ ಕೊನೆಗಾಲದ ಕತೆಯಾದ ‘ಕೊಲೋನಸ್‌ನಲ್ಲಿ ಈಡಿಪಸ್’ ನಾಟಕದಲ್ಲಿ ಮಾತ್ರ, ಮುದುಕನಾದ ಅದೇ ಈಡಿಪಸ್ ವಕೀಲನ ಹಾಗೆ ವಾದಿಸುತ್ತಾನೆ: ತಿಳಿಯದೆ ಮಾಡಿದೆ, ಕಾನೂನಿನ ಮುಂದೆ ನಾನು ಶುದ್ಧ.

ಅರಿಸ್ಟಾಟಲ್ ಬಂದ ಮೇಲೆ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಕುಡಿದು ಅಪರಾಧ ಮಾಡಿದವನಿಗೆ ದಂಡ ಎರಡರಷ್ಟು, ಯಾಕೆಂದರೆ ಕುಡಿಯದೆ ಇರುವುದು ಅವನ ಕೈಯಲ್ಲೇ ಇತ್ತು. ಮಂಕು ಕವಿದಿತ್ತು ಅನ್ನುವ ನೆಪ ಇಲ್ಲಿ ಉಲ್ಟಾ ಹೊಡೆಯುತ್ತದೆ. ಬಿರುಗಾಳಿಗೆ ಸಿಕ್ಕ ಹಡಗಿನಿಂದ ಸರಕು ಎಸೆದವನದ್ದು ಮಾತ್ರ ಮಿಶ್ರ ಕೃತ್ಯ: ಬೇಕೆಂದು ಯಾರೂ ಎಸೆಯುವುದಿಲ್ಲ, ಆದರೂ ಆ ಗಳಿಗೆಯಲ್ಲಿ ಎಸೆಯಲು ನಿರ್ಧರಿಸಿದವನು ಅವನೇ.

ಎಲ್ಲವೂ ವಿಧಿಯಂತೆ ನಡೆಯುತ್ತದೆ ಅನ್ನುವ ಸ್ಟೋಯಿಕ್ ಪಂಥದ ತತ್ವಜ್ಞಾನಿ ಕ್ರಿಸಿಪ್ಪಸ್ ವಿಧಿ, ಹೊಣೆ ಎರಡನ್ನೂ ಉಳಿಸಿಕೊಳ್ಳಲು ನೋಡಿದ. ಉರುಳೆಯನ್ನು ಹೊರಗಿನವರು ತಳ್ಳುತ್ತಾರೆ, ಉರುಳುವುದು ಮಾತ್ರ ಅದರ ಆಕಾರದಿಂದ; ಮನುಷ್ಯನ ಸಮ್ಮತಿಯೂ ಹಾಗೆ ಅಂದ. ಜಾಣ ಉತ್ತರ, ಆದರೆ ನನಗೆ ಒಪ್ಪಿಗೆಯಾಗದು. ಆ ಆಕಾರವನ್ನು ಉರುಳೆಯೇನು ಆರಿಸಿಕೊಂಡಿತೇ? ಕ್ರಿ.ಶ. 200ರ ಸುಮಾರಿಗೆ ಅಫ್ರೊಡಿಸಿಯಾಸ್ ಊರಿನ ಅಲೆಕ್ಸಾಂಡರ್ ಅನ್ನುವ ಅರಿಸ್ಟಾಟಲನ ವ್ಯಾಖ್ಯಾನಕಾರ ಸ್ಟೋಯಿಕರನ್ನು ಹಿಡಿದದ್ದು ಇಲ್ಲೇ: ಮಾಡಿದ್ದಕ್ಕೆ ವಿರುದ್ಧವಾದದ್ದನ್ನೂ ಆರಿಸಿಕೊಳ್ಳಲು ಆಗದಿದ್ದರೆ ‘ನಮ್ಮ ಕೈಯಲ್ಲಿದೆ’ ಅನ್ನುವುದಕ್ಕೆ ಅರ್ಥವಿಲ್ಲ. ನಾವು ಇವತ್ತು ಕೇಳುವ ಪ್ರಶ್ನೆ ಇದು. ಹೋಮರನ ಸಭೆಯಲ್ಲಿ ಇದನ್ನು ಎತ್ತಿದವರೇ ಇಲ್ಲ.