ಹುರುಳಿಕಾಳಿನ ಪ್ರೋಟೀನ್ ಲೆಕ್ಕ: ಒಂದು ತಿದ್ದುಪಡಿ

ಹೋದ ವಾರ ನಾನೇ ಬರೆದಿದ್ದ ಒಂದು ಮೆಸೇಜ್ ಈಗ ಮಂಡ್ಯದ ಎಷ್ಟೋ ವಾಟ್ಸಾಪ್ ಗುಂಪುಗಳಲ್ಲಿ ಓಡಾಡ್ತಿದೆ. "100 ಗ್ರಾಂ ಬೇಯಿಸಿದ ಹುರುಳಿಕಾಳಲ್ಲಿ 22 ಗ್ರಾಂ ಪ್ರೋಟೀನ್ ಇದೆ" ಅಂತ. ಅದು ತಪ್ಪು.

ಸುಮಾರು 22 ಗ್ರಾಂ ಅನ್ನೋದು ಒಣ ಕಾಳಿನ ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಪಟ್ಟಿಯಲ್ಲೂ ಹೀಗೇ ಇದೆ. ನಾನು ಅದನ್ನ ಬೆಂದ ಕಾಳಿಗೆ ಹಾಕಿಬಿಟ್ಟೆ. ನಿನ್ನೆ ಮನೆಯಲ್ಲಿ 100 ಗ್ರಾಂ ಹುರುಳಿ ತೂಗಿ, ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುಕ್ಕರಿನಲ್ಲಿ ಬೇಯಿಸಿ, ನೀರು ಬಸಿದು ಮತ್ತೆ ತೂಗಿದೆ: ಹತ್ತಿರ ಹತ್ತಿರ 250 ಗ್ರಾಂ. ಹೆಚ್ಚಿದ್ದೆಲ್ಲ ನೀರು, ಅಲ್ವಾ? ಹಾಗಾಗಿ 100 ಗ್ರಾಂ ಬೆಂದ ಕಾಳಲ್ಲಿ ಸಿಗೋದು ಸುಮಾರು 8-9 ಗ್ರಾಂ.

ಇನ್ನೊಂದು ಮಾತು. ಬಸ್ಸಾರಿನ ಕಟ್ಟು ಕುಡಿದರೆ ಸಾಕು, ಸತ್ವವೆಲ್ಲ ಅದರಲ್ಲೇ ಇದೆ ಅಂತಲೂ ಕೆಲವರು ಸೇರಿಸಿದ್ದಾರೆ. ಪ್ರೋಟೀನ್ ಬಹುಪಾಲು ಕಾಳಲ್ಲೇ ಉಳಿಯುತ್ತೆ. ಪಲ್ಯದ ಕಾಳನ್ನ ಬದಿಗೆ ಸರಿಸಬೇಡಿ.

60 ಕೆಜಿ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. 100 ಗ್ರಾಂ ಹಿಟ್ಟಿನ ರಾಗಿ ಮುದ್ದೆಯಿಂದ 7 ಗ್ರಾಂ, ಒಂದು ಹಿಡಿ ಕಡಲೆಕಾಯಿ ಬೀಜದಿಂದ ಇನ್ನೊಂದು 7, ಜೊತೆಗೆ ಎರಡೂ ಹೊತ್ತು ಕಾಳು ಅಥವಾ ಬೇಳೆ, ಅವರೆ ಕಾಲದಲ್ಲಿ ಅವರೆ. ಸಸ್ಯಾಹಾರದಲ್ಲೇ ಖಂಡಿತ ಸಾಕಾಗುತ್ತೆ, ಆದ್ರೆ ಒಂದೇ ಬಟ್ಟಲಿನಿಂದ ಅಲ್ಲ.

ದಯವಿಟ್ಟು ಹಳೇ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಕಳಿಸಿದವರಿಗೆ ಇದನ್ನ ಕಳಿಸಿ.